ಹುಳದ ಮನೆಯ ಹೊಸ್ತಿಲು

ಬೆಂಗಳೂರಿನ ಆ ದೊಡ್ಡಾಸ್ಪತ್ರೆಯಲ್ಲಿ ರಕ್ತ ಕೊಟ್ಟ ಮೇಲೆ ಕಾಯುತ್ತಾ ಕೂರುವುದಕ್ಕೆ ಒಂದು ಉದ್ದನೆಯ ಪಡಸಾಲೆಯಿದೆ. ಮೊನ್ನೆ ಅಲ್ಲಿ ಕೂತಿದ್ದಾಗ ಯಾರೋ ವಾಂತಿ ಮಾಡಿಕೊಂಡರು. ಆಯಾ ಬಂದು ನೆಲಕ್ಕೆ ಬ್ಲೀಚಿಂಗ್ ಪುಡಿ ಎರಚಿ ನೀರು ಸುರಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗೆ ತಳ್ಳಿದ್ದೆ. ಪಕ್ಕದ ಹೆಂಗಸು ನನ್ನ ಕಾಲನ್ನೊಮ್ಮೆ ಮುಖವನ್ನೊಮ್ಮೆ ನೋಡಿದಳು. ನೋಡಲಿ ಬಿಡಿ, ಅವಳಿಗೇನು ಗೊತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಆ ವಾಸನೆ ಬಂದಾಗೆಲ್ಲ ಚಪ್ಪಲಿ ಬಿಟ್ಟವಳು ನಾನು. ರೇಷ್ಮೆ ಹುಳ ಸಾಕುವವರು ಪ್ರತಿ ಬೆಳೆಗೆ ಮುಂಚೆ ಹುಳದ ಮನೆಯನ್ನು ಬ್ಲೀಚಿಂಗ್ ಪುಡಿ ಮತ್ತು ಸುಣ್ಣ ಕಲಸಿದ ನೀರಿನಲ್ಲಿ ತೊಳೆಯುತ್ತೇವೆ. ಬಾಗಿಲಲ್ಲೂ ಅದೇ ನೀರಿನ ತಟ್ಟೆ ಇಟ್ಟಿರುತ್ತೇವೆ. ಮನೆಯ ಯಜಮಾನನೇ ಆಗಲಿ, ಅದರಲ್ಲಿ ಕಾಲದ್ದಿಯೇ ಒಳಗೆ ಹೋಗಬೇಕು.

ಆ ತಣ್ಣನೆಯ ನೆಲಕ್ಕೆ ಬರಿಗಾಲೂರಿ ಕೂತವಳಿಗೆ ನಾಲ್ಕು ವರ್ಷದ ಹಿಂದಿನ ಆ ಮಳೆಗಾಲ ಇಡಿಯಾಗಿ ನೆನಪಾಯಿತು.

ನನ್ನ ತವರು ದೊಡ್ಡಮಳೂರು. ಚನ್ನಪಟ್ಟಣದ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಕನಕಪುರದ ಕಡೆಯ ಈ ಊರಿಗೆ ಸಿದ್ದರಾಜು ಅವರನ್ನು ಮದುವೆಯಾಗಿ ಬಂದೆ. ಬಂದ ಹೊಸತರಲ್ಲಿ ಹುಳ ಕಂಡರೆ ಮೈ ಜುಮ್ಮೆನ್ನುತ್ತಿತ್ತು. ನನ್ನ ಅತ್ತೆ ಕೆಂಪಮ್ಮ ಒಂದು ದಿನ ಬೆಳಿಗ್ಗೆ ನನ್ನ ಅಂಗೈ ಹಿಡಿದು, ಬೆರಳುದ್ದದ ಹುಳವೊಂದನ್ನು ಅದರ ಮೇಲಿಟ್ಟು, "ಕಿರುಚ್ಕಂಡ್ರೆ ಕೆನ್ನೆಗ್ ಕೊಡ್ತೀನಿ ನೋಡು. ಅದೂ ಒಂದು ಕೂಸೇ ಕನವ್ವ" ಎಂದರು. ಹುಳ ತಣ್ಣಗಿತ್ತು, ಮೆತ್ತಗಿತ್ತು. ಅವತ್ತಿನಿಂದ ಹುಳದ ಮನೆ ನನ್ನದಾಯಿತು. ಅಡುಗೆಮನೆ ಅತ್ತೆಯದು, ಹೊಲ ಇವರದು, ಹುಳದ ಮನೆ ನನ್ನದು. ಅದರಲ್ಲಿ ಜಂಬವೂ ಇತ್ತು, ಇಲ್ಲ ಅನ್ನಲಾರೆ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಯಾವ ಹುಳ ನಾಳೆ ಜ್ವರಕ್ಕೆ ಕೂರುತ್ತದೆ, ಯಾವುದು ಏಳುತ್ತದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ಅಕ್ಕಪಕ್ಕದವರು ತಮ್ಮ ಹುಳ ತೋರಿಸಲು ನನ್ನನ್ನು ಕರೆಯುತ್ತಿದ್ದರು. ಕಣ್ಣು ಬೀಳುತ್ತದೆಂದು ಬೇರೆಯವರನ್ನು ಬಾಗಿಲ ಹತ್ತಿರವೂ ಬಿಟ್ಟುಕೊಳ್ಳದ ಜನ, ನನ್ನನ್ನು ಕರೆಯುತ್ತಿದ್ದರು!

ಆ ವರ್ಷ ಯುಗಾದಿ ಕಳೆದ ಮೇಲೆ ನನ್ನ ಕತ್ತಿನ ಎರಡೂ ಬದಿಗೆ ಗಂಟುಗಳೆದ್ದವು. ನೋವಿರಲಿಲ್ಲ. ಹಲ್ಲಿನದಿರಬೇಕು ಎಂದು ಲವಂಗ ಕಚ್ಚಿಕೊಂಡು ಎರಡು ತಿಂಗಳು ಓಡಾಡಿದೆ. ಕೊನೆಗೆ ಕನಕಪುರದಲ್ಲಿ ರಕ್ತಪರೀಕ್ಷೆ ಮಾಡಿಸಿದರೆ, ಅಲ್ಲಿನ ಡಾಕ್ಟರು ಕಾಗದವನ್ನು ಎರಡು ಸಲ ಓದಿ, ನನ್ನನ್ನು ಬಿಟ್ಟು ಇವರ ಮುಖ ನೋಡಿ, "ತಡ ಮಾಡದೆ ಬೆಂಗಳೂರಿಗೆ ಕರ್ಕೊಂಡು ಹೋಗಿ" ಎಂದರು. ಆ ನೋಟದಲ್ಲೇ ನನಗೆ ಅರ್ಧ ತಿಳಿಯಿತು.

ಉಳಿದರ್ಧವನ್ನು ಬೆಂಗಳೂರಿನ ಡಾಕ್ಟರಮ್ಮ ಹೇಳಿದಳು. ನನ್ನ ಮಗಳ ವಯಸ್ಸಿರಬಹುದು, ಮುಖ ಒಳ್ಳೆಯದು. "ಇದು ನಿಧಾನವಾಗಿ ಬೆಳೆಯೋ ಬ್ಲಡ್ ಕ್ಯಾನ್ಸರ್ ಅಮ್ಮ. ರಕ್ತದಲ್ಲಿ ಒಂದು ಥರದ ಬಿಳಿ ಕಣಗಳು ಜಾಸ್ತಿಯಾಗಿವೆ. ಈಗಲೇ ಔಷಧಿ ಬೇಡ. ಮೂರು ತಿಂಗಳಿಗೊಮ್ಮೆ ಬನ್ನಿ, ನೋಡ್ತಾ ಇರೋಣ."

"ಎಲ್ಲೀವರೆಗೆ ನೋಡೋದು?"

"ಬೇಕು ಅನ್ನಿಸೋವರೆಗೆ. ತೂಕ ಇಳಿದರೆ, ಬಿಟ್ಟೂಬಿಡದೆ ಜ್ವರ ಬಂದರೆ, ಗಂಟು ದೊಡ್ಡದಾದರೆ, ರಕ್ತ ಕಡಿಮೆಯಾದರೆ ಶುರು ಮಾಡ್ತೀವಿ. ಕೆಲವರಿಗೆ ವರ್ಷಗಟ್ಟಲೆ ಬೇಕಾಗೋದೇ ಇಲ್ಲ."

"ಈಗಲೇ ಕೊಟ್ಟು ಕಿತ್ತಾಕಿಬಿಡಿ ಮೇಡಂ" ಎಂದೆ.

"ಈಗ ಕೊಟ್ಟರೆ ಉಪಯೋಗಕ್ಕಿಂತ ತೊಂದರೆನೇ ಜಾಸ್ತಿ" ಎಂದು ಅವಳು ತಾಳ್ಮೆಯಿಂದಲೇ ಹೇಳಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಕ್ಯಾನ್ಸರ್ ಅಂತಲೂ ಹೇಳುತ್ತಾಳೆ, ಮನೆಗೆ ಹೋಗಿ ಅಂತಲೂ ಹೇಳುತ್ತಾಳೆ, ಇದೆಂಥ ನ್ಯಾಯ! ನಮ್ಮಲ್ಲಿ ಸಾವಿರಾರು ಹುಳದ ನಡುವೆ ಒಂದೇ ಒಂದು ರೋಗದ ಹುಳ ಕಂಡರೂ ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕುತ್ತೇವೆ. ಸಂಜೆ ನೋಡೋಣ, ನಾಳೆ ನೋಡೋಣ ಎಂಬ ಮಾತೇ ಇಲ್ಲ. ನೋಡುತ್ತ ಕೂತವನ ಬೆಳೆ ಮಣ್ಣುಪಾಲು. ರೈಲಿನಲ್ಲಿ ಬಿಡದಿ ದಾಟುವ ತನಕ ಇವರ ಹತ್ತಿರ ಇದನ್ನೇ ಕೂಗಾಡಿದೆ. ಇವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಮೊದಲೇ ಮಾತು ಕಡಿಮೆ.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತು ಅವರೆಕಾಳು ಹಸನು ಮಾಡುತ್ತಿದ್ದರು. ಕ್ಯಾನ್ಸರ್ ಎಂಬ ಮಾತನ್ನು ಆ ವಯಸ್ಸಿನವರ ಕಿವಿಗೆ ಹಾಕುವುದು ಬೇಡ ಅನ್ನಿಸಿತು. ಅಲ್ಲೇ ನಾನು ಎಡವಿದ್ದು. ನೇರವಾಗಿ ಹೇಳಿಬಿಟ್ಟಿದ್ದರೆ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದರೋ ಏನೋ.

"ಏನಂತವ್ವ ದಾಕುಟ್ರು?"

"ಏನಿಲ್ಲ ಅತ್ತೆಮ್ಮ. ರಕ್ತದಲ್ಲಿ ಬಿಳೀದು ಜಾಸ್ತಿ ಆಗೈತಂತೆ, ಅಷ್ಟೇಯ."

ಮೊರದ ಮೇಲಿದ್ದ ಅವರ ಕೈ ಹಾಗೇ ನಿಂತಿತು. ನನ್ನ ಕತ್ತಿನ ಗಂಟುಗಳನ್ನು ನೋಡಿದರು. ಕಣ್ಣು ಕೆಳಗಿಳಿಸಿ ನನ್ನ ಕೈ ನೋಡಿದರು.

"ಔಸ್ದಿ ಏನ್ ಕೊಟ್ರು?"

"ಔಷಧಿ ಬ್ಯಾಡ್ವಂತೆ. ನೋಡ್ತಾ ಇರಾನ ಅಂದ್ರು."

"ಅಯ್ಯೋ ಸಿವ್ನೇ" ಎಂದರು ಅತ್ತೆ. "ಆಲುತೊಂಡೆ."

ನನಗೆ ನಗು ಬಂತು, ದೇವರಾಣೆಗೂ ನಕ್ಕುಬಿಟ್ಟೆ. ಹಾಲುತೊಂಡೆ ಎನ್ನುವುದು ರೇಷ್ಮೆ ಹುಳಕ್ಕೆ ಬರುವ ರೋಗ. ಹುಳದ ಮೈ ಗಂಟುಗಂಟಾಗಿ ಉಬ್ಬುತ್ತದೆ. ಕಾಲಿನ ತುದಿ ಚಿವುಟಿದರೆ ಆರೋಗ್ಯದ ಹುಳದಲ್ಲಿ ತಿಳಿನೀರು ಬರುತ್ತದೆ, ರೋಗದ ಹುಳದಲ್ಲಿ ಹಾಲು ಬರುತ್ತದೆ. ಅದಕ್ಕೆ ಮದ್ದಿಲ್ಲ, ಒಂದಕ್ಕೆ ಬಂದರೆ ಮನೆಯ ಹುಳಕ್ಕೆಲ್ಲ ಅಂಟುತ್ತದೆ. ಹುಳದ ಮನೆಯಲ್ಲಿ ಬದುಕು ಸವೆಸಿದ ಅತ್ತೆಗೆ ಗಂಟು, ಬಿಳಿ ರಕ್ತ, ಮದ್ದಿಲ್ಲ, ಈ ಮೂರು ಸೇರಿದರೆ ಇನ್ನೇನು ಹೊಳೆಯಬೇಕು? "ಮನುಷ್ಯರಿಗೆ ಹಾಲುತೊಂಡೆ ಬರ್ತದಾ ಅತ್ತೆಮ್ಮ? ಬಿಳಿ ಕಣ ಅಂದ್ರೆ ಹಾಲಲ್ಲ" ಎಂದು ತಿಳಿದಷ್ಟು ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದರು. ರಾತ್ರಿ ಊಟಕ್ಕೆ ನನಗೆ ಒಂದು ಚಮಚ ತುಪ್ಪ ಜಾಸ್ತಿ ಬಡಿಸಿದರು.

ಮಾರನೆಯ ವಾರ ಹೊಸ ಬೆಳೆಗೆ ಮರಿಹುಳ ಬಂದವು. ಬೆಳಿಗ್ಗೆ ಸ್ನಾನ ಮಾಡಿ ಸೊಪ್ಪಿನ ಹೊರೆ ಹೊತ್ತು ಹೋದರೆ, ಅತ್ತೆ ಹುಳದ ಮನೆಯ ಹೊಸ್ತಿಲ ಮೇಲೆ ನಿಂತಿದ್ದರು. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದರು.

"ಇಲ್ಲೇ ಇಕ್ಕು ಸುಸೀಲ, ನಾನ್ ತಕತೀನಿ. ನೀನು ಒಳೀಕೆ ಬರ್ಬ್ಯಾಡ ಕನವ್ವ."

"ಅತ್ತೆಮ್ಮ, ಏನ್ ಮಾತು ಅಂತ ಆಡ್ತಾ ಇದ್ದೀರಾ?"

"ಬಯ್ಯಂಗಿದ್ರೆ ಬಯ್ಯಿ. ನಿನ್ ಕಾಲು ಇಡ್ಕತೀನಿ. ಬಾಯಿಲ್ದ ಜೀವ್ಗಳು ಅವು."

ಅವರ ಕಣ್ಣಲ್ಲಿ ನೀರಿತ್ತು. ಜಗಳವಾಡಲು ಬಂದವರಾಗಿದ್ದರೆ ಒಂದು ಕೈ ನೋಡಿಕೊಳ್ಳುತ್ತಿದ್ದೆ. ಅಳುವವರ ಮೈಮೇಲೆ ಹೇಗೆ ಬೀಳಲಿ? ನಾನು ಇವರ ಕಡೆ ತಿರುಗಿದೆ. ಪಕ್ಕದಲ್ಲೇ ಮಚ್ಚು ಹಿಡಿದು ಸೊಪ್ಪಿನ ಕಡ್ಡಿ ತರಿಯುತ್ತಿದ್ದರು. ಡಾಕ್ಟರಮ್ಮನ ಮಾತೆಲ್ಲ ನನ್ನ ಜೊತೆಯೇ ಕೂತು ಕೇಳಿದ್ದವರು. "ಒಂದು ಮಾತು ಹೇಳಿ ಅತ್ತೆಮ್ಮನಿಗೆ" ಎಂದೆ. ಮಚ್ಚು ಒಂದು ಗಳಿಗೆ ನಿಂತಿತು. ಆಮೇಲೆ ತಲೆಯೆತ್ತದೆಯೇ, "ಒಸಿ ದಿನ ಅಲ್ವಾ, ಬುಡು" ಎಂದರು. ಮಚ್ಚು ಮತ್ತೆ ಆಡತೊಡಗಿತು. ನನ್ನ ರೋಗದ ಸುದ್ದಿ ಕೇಳಿದಾಗ ಎದೆ ಒಡೆದಿರಲಿಲ್ಲ. ಅವತ್ತು ಒಡೆಯಿತು.

ಆಷಾಢದ ಗಾಳಿ ಶುರುವಾಗಿತ್ತು. ನಾನು ಹಿಪ್ಪುನೇರಳೆ ಕೊಯ್ಯುತ್ತಿದ್ದೆ, ಹೊರೆ ಕಟ್ಟುತ್ತಿದ್ದೆ, ಬಾಗಿಲ ತನಕ ತಂದಿಡುತ್ತಿದ್ದೆ. ಒಳಗಿನಿಂದ ಹುಳ ಸೊಪ್ಪು ಮೇಯುವ ಸದ್ದು ಸಣ್ಣಗೆ ಚರಚರ ಕೇಳುತ್ತಿತ್ತು. ಅದನ್ನು ಕೇಳಿಯೇ ಎಷ್ಟನೆಯ ಜ್ವರ ಎದ್ದಿವೆ ಎಂದು ಗೊತ್ತಾಗುತ್ತಿತ್ತು. ಸೊಪ್ಪು ಸಾಲದು ಎಂದು ಕಿಟಕಿಯ ಬಲೆಯ ಆಚೆಯಿಂದ ಕೂಗುತ್ತಿದ್ದೆ. ಹುಳದ ಮನೆಯ ಸುತ್ತ ಎಷ್ಟು ಸಲ ಸುತ್ತುತ್ತಿದ್ದೆನೋ, ನೆಲದಲ್ಲಿ ಕಾಲುದಾರಿಯೇ ಬಿತ್ತು. ಹಾಲುತೊಂಡೆ ಬಂದ ಹುಳವೂ ಹೀಗೇ, ಮೇವು ಬಿಟ್ಟು ಹುಳ ಸಾಕುವ ತಟ್ಟೆಯ ಅಂಚಿನಲ್ಲೇ ಸುತ್ತುತ್ತದೆ. ಅದು ನೆನಪಾದ ದಿನ ಸುತ್ತುವುದನ್ನು ನಿಲ್ಲಿಸಿದೆ.

ಊರಿನವರದು ಇನ್ನೊಂದು ಥರ. ನಲ್ಲಿಯ ಹತ್ತಿರ, "ಗುಂಡ್ಕಲ್ಲಂಗೆ ಅವ್ಳೆ, ಮಾತ್ರೆನೂ ಕೊಟ್ಟಿಲ್ವಂತೆ. ಅದ್ಯಾವ ಕಾಯ್ಲೆನವ್ವ?" ಎನ್ನುತ್ತಿದ್ದರು. ಮಾಗಡಿಗೆ ಕೊಟ್ಟಿರುವ ಮಗಳು ಫೋನು ಮಾಡಿ, "ಅಮ್ಮ, ಔಷಧಿ ಬೇಡ ಅಂದ್ರೆ ಒಳ್ಳೇದೇ ಅಲ್ವಾ, ಖುಷಿಪಡು" ಎನ್ನುತ್ತಿದ್ದಳು. ಖುಷಿಯಂತೆ! ಬೆಳಿಗ್ಗೆ ಎದ್ದ ಕೂಡಲೇ ಕತ್ತು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಂದು ಸೀನು ಬಂದರೆ ಇದೇ ಶುರುವಾಯಿತೇನೋ, ಮೈ ಬೆವರಿದರೆ ಇದೇ ಇರಬೇಕೇನೋ. ಮದ್ದು ಕುಡಿಯುವವನಿಗೆ ಕುಡಿದೆ ಎಂಬ ಸಮಾಧಾನವಾದರೂ ಇರುತ್ತದೆ. ನನಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಕೈಗಿದ್ದ ಒಂದು ಕೆಲಸವನ್ನೂ ಮನೆಯವರೇ ಕಿತ್ತುಕೊಂಡಿದ್ದರು.

ಮೂರು ತಿಂಗಳ ಪರೀಕ್ಷೆಗೆ ಹೋದಾಗ ರಕ್ತ ತೆಗೆದ ಹುಡುಗಿಯನ್ನು, "ಆ ಶೀಶೆ ನನಗೆ ಕೊಡವ್ವ, ಮನೆಗೆ ಒಯ್ದು ತೋರಿಸಬೇಕು" ಎಂದು ಕೇಳಿದೆ. ಅವಳು ತಮಾಷೆ ಎಂದುಕೊಂಡು ನಕ್ಕಳು. ಸರಿ, ಮನೆಗೆ ಬಂದವಳೇ ಸೂಜಿ ತೆಗೆದುಕೊಂಡು ಅತ್ತೆಯ ಮುಂದೆ ಕೂತೆ. ಬೆರಳಿಗೆ ಚುಚ್ಚಿ ಹಿಂಡಿದೆ. ರಕ್ತ ದಾಸವಾಳದಷ್ಟು ಕೆಂಪಗೆ ಬಂತು.

"ನೋಡಿ ಅತ್ತೆಮ್ಮ. ಎಲ್ಲೈತೆ ಹಾಲು? ಕಣ್ಣು ಬಿಟ್ಟು ನೋಡಿ."

ಅತ್ತೆ ನನ್ನ ಬೆರಳನ್ನು ತಮ್ಮ ಸೆರಗಿನಿಂದ ಒತ್ತಿ ಹಿಡಿದರು. ಆಮೇಲೆ ಮೆಲ್ಲಗೆ, "ಉಳದ್ದೂ ಮೊದ್ಲು ತಿಳಿಯಾಗೇ ಇರ್ತದೆ ಕನವ್ವ" ಎಂದರು.

ಡಾಕ್ಟರಮ್ಮ ಹೇಳಿದ್ದೂ ಅದೇ ಅಲ್ಲವೇ? ಈಗ ಏನೂ ಇಲ್ಲ, ಆಗುವ ತನಕ ನೋಡೋಣ.

ದಸರೆಯ ಬೆಳೆಯ ಹೊತ್ತಿಗೆ ಮಳೆ ಹಿಡಿದುಕೊಂಡಿತು. ವಾರವಿಡೀ ಸೂರ್ಯನ ಮುಖ ಕಾಣಲಿಲ್ಲ. ಕೊಯ್ದ ಸೊಪ್ಪು ಒಣಗುತ್ತಿರಲಿಲ್ಲ, ಒದ್ದೆಯದನ್ನೇ ಒದರಿ ಒದರಿ ಕೊಡುತ್ತಿದ್ದೆ. ಹುಳ ಹಣ್ಣಾಗುವುದಕ್ಕೆ ಒಂದು ದಿನ ಮುಂಚೆ ಅತ್ತೆ ಬಚ್ಚಲ ಬಳಿ ಜಾರಿಬಿದ್ದು ಕಾಲು ಉಳುಕಿಸಿಕೊಂಡರು. ಮಾರನೆಯ ಮಧ್ಯಾಹ್ನ ಹುಳಗಳೆಲ್ಲ ಒಟ್ಟಿಗೆ ಹಣ್ಣಾದವು. ಹಣ್ಣಾದ ಹುಳ ಮೇವು ಬಿಟ್ಟು ತಲೆಯೆತ್ತಿ ಆಡಿಸುತ್ತದೆ. ಆಗಿಂದಾಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಇದ್ದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಕೂಲಿಗೆ ಬರುತ್ತೇವೆಂದಿದ್ದ ಇಬ್ಬರು ಹೆಂಗಸರು ಮಳೆಗೆ ಹೆದರಿ ಬರಲಿಲ್ಲ. ಇವರು ಓಡಿಬಂದು ನಾನಿದ್ದ ಸೊಪ್ಪಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತರು.

"ಲೇ ಸುಶೀ, ಬಾ. ನನ್ನೊಬ್ಬನ ಕೈಲಿ ಆಗಾಕಿಲ್ಲ."

ಜಗಲಿಯ ಮೇಲೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಅತ್ತೆಗೆ ಕೇಳಿಸಿತು. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಬೇಡ ಎನ್ನಲಿಲ್ಲ.

ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಬ್ಲೀಚಿಂಗ್ ನೀರಿನಲ್ಲಿ ಚರ್ಮ ಉರಿಯುವಷ್ಟು ಕೈ ತೊಳೆದು, ತಟ್ಟೆಯಲ್ಲಿ ಕಾಲದ್ದಿ ಒಳಗೆ ಹೋದೆ. ಎಷ್ಟು ತಿಂಗಳಾಗಿತ್ತು! ಹುಳಗಳ ಮೈ ಜೇನಿನ ಬಣ್ಣಕ್ಕೆ ತಿರುಗಿತ್ತು. ಸಂಜೆಯ ತನಕ ಬಗ್ಗಿದ ಸೊಂಟ ಎತ್ತಲಿಲ್ಲ. ಎರಡೂ ಕೈ ತುಂಬ ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟೆ. ಅವು ಬೆರಳಿನ ಸಂದಿಯಲ್ಲಿ ತಣ್ಣಗೆ ಹರಿದಾಡಿದವು. ಆ ವರ್ಷದಲ್ಲಿ ಅದೊಂದು ಮಧ್ಯಾಹ್ನ ಕತ್ತು ಮುಟ್ಟಿಕೊಳ್ಳುವುದು ಮರೆತೇಹೋಗಿತ್ತು. ಇವರು ಒಮ್ಮೆ ನನ್ನ ಕಡೆ ನೋಡಿ, "ನಿನ್ನ ಕೈ ಓಟ ಯಾರಿಗೂ ಬರಲ್ಲ ಕಣೆ" ಎಂದರು. ನನಗೆ ಅಳು ಬಂತು. ಸಂತೋಷಕ್ಕೇ ಬಂತು.

ಮೂರನೆಯ ದಿನ ಹುಳದ ಮನೆಯಿಂದ ಕೊಳೆತ ವಾಸನೆ ಬಂತು. ಬಾಗಿಲು ತೆಗೆದರೆ ಅರ್ಧಕ್ಕರ್ಧ ಹುಳ ಗೂಡನ್ನೇ ಕಟ್ಟದೆ, ಚಂದ್ರಿಕೆಯಲ್ಲಿ ತಲೆಕೆಳಗಾಗಿ ಜೋತಾಡುತ್ತಿದ್ದವು. ಮೈ ಒಡೆದು ಹಾಲು ತೊಟ್ಟಿಕ್ಕುತ್ತಿತ್ತು.

ರೇಷ್ಮೆ ಇಲಾಖೆಯವರು ಬಂದು ನೋಡಿ, "ಹಾಲುತೊಂಡೆ. ಎಲ್ಲಾ ಕಡೆ ಇದೇ ಗೋಳು. ಒದ್ದೆ ಸೊಪ್ಪು ಹಾಕಿದ್ದೀರಿ, ಥಂಡಿ ಬೇರೆ" ಎಂದರು. ಸ್ಪಷ್ಟವಾಗಿ ಹೇಳಿದರು, ಮೂವರೂ ಕೇಳಿದೆವು. ಇವರು ಹ್ಞೂಂ ಸರ್, ಹ್ಞೂಂ ಸರ್ ಎನ್ನುತ್ತಲೇ ಇದ್ದರು. ಆದರೆ ಕಣ್ಣು ನನ್ನ ಕೈಗಳ ಮೇಲಿತ್ತು. ನಾನು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡೆ.

ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. "ಕುಂಟ್ಕೊಂಡಾದ್ರೂ ನಾನೇ ಎದ್ ಬರ್ಬೇಕಾಗಿತ್ತು" ಎಂದಷ್ಟೇ ತಮ್ಮಷ್ಟಕ್ಕೆ ಹೇಳಿಕೊಂಡರು. ಹಿತ್ತಲಲ್ಲಿ ಗುಂಡಿ ತೋಡಿ, ಸತ್ತ ಹುಳಗಳನ್ನೆಲ್ಲ ಸುರಿದು ಮೇಲೆ ಸುಣ್ಣ ಹಾಕಿದೆವು. ಸುಣ್ಣ ಹಾಕಿದವಳು ನಾನೇ. ಆ ಸಂಜೆಯೂ ಊಟಕ್ಕೆ ಅತ್ತೆ ನನಗೆ ತುಪ್ಪ ಜಾಸ್ತಿ ಬಡಿಸಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನನಗೆ ಗೊತ್ತು. ಹುಳದ ರೋಗ ಹುಳದ್ದು, ನನ್ನದು ನನ್ನದು. ಒಂದರಿಂದ ಇನ್ನೊಂದು ಬರುವುದಿಲ್ಲ. ಡಾಕ್ಟರಮ್ಮನನ್ನೂ ಕೇಳಿದೆ. ಇದು ಯಾರಿಂದ ಯಾರಿಗೂ ಅಂಟುವುದಿಲ್ಲ, ನೀವೇ ಬೇರೆಯವರ ಕೆಮ್ಮು ನೆಗಡಿಯಿಂದ ಹುಷಾರಾಗಿರಬೇಕು ಎಂದಳು. ಎಲ್ಲ ಗೊತ್ತಿದ್ದೂ, ಆ ದಿನದ ನಂತರ ಒಳಗೆ ಬರುತ್ತೇನೆಂದು ನಾನು ಕೇಳಲಿಲ್ಲ. ಪಕ್ಕದ ಮನೆಯ ಕೂಸನ್ನು ಎತ್ತಿಕೊಳ್ಳುವುದನ್ನು ಬಿಟ್ಟೆ. ಹಾಲಿಗೆ ಹೆಪ್ಪು ಹಾಕುವುದನ್ನು ಬಿಟ್ಟೆ. ಯಾರೂ ಬೇಡ ಅಂದಿರಲಿಲ್ಲ.

ಅತ್ತೆ ಹೋಗಿ ಒಂದು ವರ್ಷವಾಯಿತು. ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು, "ಸುಸೀಲ, ನಾನ್ ಓದ್ಮೇಲೆ ನೀನೇ ಒಳೀಕೆ ಓಗು. ಈ ಮುದ್ಕಿ ಮಾತ್ ಕಟ್ಕೊಂಡು ಆಚೆ ನಿಂತ್ಕಬ್ಯಾಡ ಕನವ್ವ. ನಂದು ತೆಪ್ಪಾಯ್ತು" ಎಂದರು. ಹ್ಞೂಂ ಎಂದೆ. ಸಾಯುವವರ ಎದುರು ಬೇರೇನು ಹೇಳಲಿ? ಆ ಮಾತಿಗಾಗಿ ಒಂದು ಕಾಲದಲ್ಲಿ ಬೆರಳು ಚುಚ್ಚಿಕೊಂಡಿದ್ದೆ. ಬಂದಾಗ ಅದು ನನಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ಮೊನ್ನೆ ಪಡಸಾಲೆಯಲ್ಲಿ ನನ್ನ ಹೆಸರು ಕೂಗಿದರು. ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋದೆ. ಡಾಕ್ಟರಮ್ಮ ಈಗ ಕನ್ನಡಕ ಹಾಕುತ್ತಾಳೆ. "ಕೌಂಟು ಇನ್ನೂ ಸ್ವಲ್ಪ ಏರಿದೆ. ಆದರೂ ಈಗಲೇ ಬೇಡ. ಮೂರು ತಿಂಗಳು ಬಿಟ್ಟು ನೋಡೋಣ" ಎಂದಳು. ಮೊದಮೊದಲು ಜಗಳವಾಡುತ್ತಿದ್ದೆ, ಈಗ ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಳ್ಳುತ್ತೇನೆ.

ರಾಮನಗರದಲ್ಲಿ ರೈಲಿಳಿದು, ಬಸ್ಸು ಹಿಡಿದು ಊರು ಸೇರುವಾಗ ಹೊತ್ತಿಳಿಯುತ್ತಿತ್ತು. ಹುಳಕ್ಕೆ ಮೇವಿನ ಹೊತ್ತು. ಆಸ್ಪತ್ರೆಗೆ ಜೊತೆಗೆ ಬಂದಿದ್ದ ಇವರು ಅಂಗಿಯನ್ನೂ ಬದಲಿಸದೆ ಕಾಲದ್ದಿ ಹುಳದ ಮನೆಗೆ ಹೋದರು. ನಾನು ಸೊಪ್ಪಿನ ಹೊರೆ ಹೊತ್ತು ತಂದೆ. ಬಾಗಿಲು ತೆರೆದೇ ಇತ್ತು. ಚೌಕಟ್ಟು ಹಿಡಿದು ನಿಲ್ಲುವವರು ಯಾರೂ ಇಲ್ಲ. ಒಳಗೆ ಹುಳ ನಾಲ್ಕನೆಯ ಜ್ವರ ಎದ್ದು ಹಸಿದಿದ್ದವು, ನಿಂತಲ್ಲಿಂದಲೇ ಗೊತ್ತಾಗುತ್ತಿತ್ತು. ಇವರು ಒಳಗಿನಿಂದ ತಿರುಗಿ ನೋಡಿದರು.

"ಬಾ ಒಳೀಕೆ. ಅವ್ವನೇ ಹೇಳ್ಬುಟ್ಟು ಹೋಗವ್ಳಲ್ಲ" ಎಂದರು.

ತಟ್ಟೆಯ ನೀರಿನಲ್ಲಿ ಒಂದು ಕಾಲು ಅದ್ದಿದೆ. ಇವರ ಮುಖ ನೋಡಿದೆ. ಉಸಿರು ಬಿಗಿಹಿಡಿದು ನಿಂತಿದ್ದರು. ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಹೊರೆಯನ್ನು ಹೊಸ್ತಿಲಾಚೆಗೆ ಇಳಿಸಿದೆ.

"ಮುಂದಿನ ಬೆಳೆಗೆ ನೋಡೋಣ" ಎಂದೆ.

ಬಿಗಿಹಿಡಿದಿದ್ದ ಉಸಿರು ಬಿಟ್ಟರು. "ಸರಿ ಬುಡು" ಎಂದು ಹೊರೆ ಎತ್ತಿಕೊಂಡರು. ಎರಡನೆಯ ಸಲ ಕರೆಯಲಿಲ್ಲ.